ನಾಯಿಗೆ ಹೃದಯದ ಮಾತ್ರೆ: ಡೋಸ್ ಹೆಚ್ಚುಕಡಿಮೆ ಆಗದ ಹಾಗೆ ಕೊಡುವುದು ಹೇಗೆ?

ಬೆಳ್ಳಿಯ ಮನೆಯವರು

ನಮ್ಮ ಬೆಳ್ಳಿಗೆ 11 ವರ್ಷ, ತೂಕ 10 ಕೆಜಿ. ಹೃದಯದ ವಾಲ್ವ್ ಸೋರುತ್ತಿದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಆದರೂ ಚೆನ್ನಾಗಿಯೇ ಓಡಾಡಿಕೊಂಡಿದ್ದಳು. ಕಳೆದ ವಾರ ಒಂದು ರಾತ್ರಿ ಮಲಗಲೇ ಇಲ್ಲ. ಮುಂಗಾಲು ಅಗಲ ಮಾಡಿ, ಕತ್ತು ಚಾಚಿ ಕೂತುಕೊಂಡು, ಹೊಟ್ಟೆ ಒಳಗೆ ಹೋಗುವ ಹಾಗೆ ಉಸಿರೆಳೆಯುತ್ತಿದ್ದಳು. ಎಕ್ಸ್‌ರೇ ತೆಗೆದಾಗ ಶ್ವಾಸಕೋಶದಲ್ಲಿ ನೀರು ತುಂಬಿದ್ದು ಕಾಣಿಸಿತು. ಆಕ್ಸಿಜನ್ ಕೊಟ್ಟು, ಇಂಜೆಕ್ಷನ್ ಹಾಕಿ ನೀರಿಳಿಸಿದರು. ಈಗ ಮನೆಗೆ ಬಂದಿದ್ದಾಳೆ, ಊಟ ಮಾಡುತ್ತಿದ್ದಾಳೆ, ಬಾಲವೂ ಅಲ್ಲಾಡುತ್ತಿದೆ.

ಚೀಟಿಯಲ್ಲಿ ಬರೆದಿರುವುದು ಹೀಗಿದೆ. ಹೃದಯದ ಬಡಿತಕ್ಕೆ ಬಲ ಕೊಡುವ ಪಿಮೊಬೆಂಡಾನ್ 2.5 ಮಿಗ್ರಾಂ, ಬೆಳಿಗ್ಗೆ ಮತ್ತು ರಾತ್ರಿ. ಮೂತ್ರ ಹೆಚ್ಚಿಸಿ ದೇಹದ ನೀರಿಳಿಸುವ ಫ್ಯೂರೋಸೆಮೈಡ್ 40 ಮಿಗ್ರಾಂ ಮಾತ್ರೆಯಲ್ಲಿ ಅರ್ಧ, ಅದೂ ಎರಡು ಹೊತ್ತು. ರಕ್ತನಾಳ ಸಡಿಲಿಸಿ ಹೃದಯದ ಹೊರೆ ಇಳಿಸುವ ಎನಲಾಪ್ರಿಲ್ 5 ಮಿಗ್ರಾಂ, ದಿನಕ್ಕೊಂದು ಸಲ. ಡಾಕ್ಟರ್ ಎಲ್ಲ ವಿವರಿಸಿದರು. ಆದರೆ ಆ ಗಾಬರಿಯಲ್ಲಿ ತಲೆಗೆ ಅರ್ಧವೂ ಹೋಗಲಿಲ್ಲ. ಮತ್ತೆ ತೋರಿಸುವುದು ಹತ್ತು ದಿನದ ಮೇಲೆ.

ನನಗೆ ಇರುವ ಭಯ ಇದು. ಪಿಮೊಬೆಂಡಾನ್ ಖಾಲಿ ಹೊಟ್ಟೆಯಲ್ಲಿ ಕೊಡಬೇಕಂತೆ, ಆದರೆ ಊಟದ ಜೊತೆ ಅಲ್ಲದೆ ಅವಳು ಯಾವ ಮಾತ್ರೆಯನ್ನೂ ನುಂಗುವುದಿಲ್ಲ. ಒಂದು ಹೊತ್ತು ಮರೆತರೆ ಏನು ಮಾಡಬೇಕು? ಮಾತ್ರೆ ತಿಂದ ಸ್ವಲ್ಪ ಹೊತ್ತಿಗೆ ವಾಂತಿ ಮಾಡಿಕೊಂಡರೆ ಇನ್ನೊಂದು ಕೊಡಬಹುದಾ? ರಾತ್ರಿ ಮತ್ತೆ ಹಾಗೆ ಉಸಿರಾಡಲು ಶುರು ಮಾಡಿದರೆ ಫ್ಯೂರೋಸೆಮೈಡ್ ಅರ್ಧದ ಬದಲು ಒಂದು ಪೂರ್ತಿ ಕೊಡಬಹುದಾ? ಇನ್ನೊಂದು ವಿಷಯ. ನಮ್ಮ ಅಮ್ಮನಿಗೂ ಬಿಪಿ, ಹೃದಯದ ಮಾತ್ರೆಗಳಿವೆ. ಅದರಲ್ಲಿ ಎನಲಾಪ್ರಿಲ್ ಕೂಡ ಇದೆ. ಬೆಳ್ಳಿಯದು ಮುಗಿದರೆ ಅಮ್ಮನದನ್ನೇ ಕೊಡಬಹುದಾ?

ಔಷಧಿ ಕೌಂಟರ್

ನಾನು ಡಾಕ್ಟರ್ ಅಲ್ಲ. ಪ್ರಾಣಿಗಳ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಯಾವ ಮಾತ್ರೆ, ಎಷ್ಟು ಅನ್ನುವುದು ನಿಮ್ಮ ಡಾಕ್ಟರ್ ಮಾತು. ಅವರು ಬರೆದದ್ದು ಬೆಳ್ಳಿಯ ಹೊಟ್ಟೆಗೆ ಸರಿಯಾಗಿ ಹೋಗುವಂತೆ ನೋಡಿಕೊಳ್ಳುವುದು ನನ್ನ ಕೆಲಸ, ಅಷ್ಟರ ಮಟ್ಟಿಗೆ ಹೇಳುತ್ತೇನೆ.

ಮೊದಲು ಒಂದು ಅಭ್ಯಾಸ ಮಾಡಿಕೊಳ್ಳಿ. "ಅರ್ಧ ಮಾತ್ರೆ", "ಒಂದು ಮಾತ್ರೆ" ಅನ್ನುವ ಲೆಕ್ಕ ಬಿಟ್ಟು ಮಿಲಿಗ್ರಾಂ ಲೆಕ್ಕದಲ್ಲಿ ಮಾತಾಡಿ. ಕೌಂಟರಿನಲ್ಲಿ ನಾನು ಕಂಡ ಗೊಂದಲದಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟಿದ್ದು. ಪಿಮೊಬೆಂಡಾನ್ ಮಾತ್ರೆ 1.25, 2.5, 5, 10 ಮಿಗ್ರಾಂ ಹೀಗೆ ಬೇರೆ ಬೇರೆ ಅಳತೆಯಲ್ಲಿ ಬರುತ್ತದೆ. ಈ ಸಲ 2.5 ತಂದವರು ಮುಂದಿನ ಸಲ 5ರ ಡಬ್ಬಿ ತಂದು, "ಒಂದು ಮಾತ್ರೆ ತಾನೇ" ಅಂತ ಕೊಟ್ಟರೆ ಡೋಸ್ ಎರಡು ಪಟ್ಟು ಆಗಿಬಿಡುತ್ತದೆ. ಬೆಳ್ಳಿಯ ಚೀಟಿಯಲ್ಲಿ "ಅರ್ಧ ಮಾತ್ರೆ" ಅಂತ ಇರುವ ಕಡೆ ಪಕ್ಕದಲ್ಲಿ ನೀವೇ "20 ಮಿಗ್ರಾಂ" ಅಂತ ದೊಡ್ಡದಾಗಿ ಬರೆದಿಡಿ. ಹೊಸ ಡಬ್ಬಿ ಬಂದಾಗಲೆಲ್ಲ ಅದರ ಮೇಲಿನ ಅಂಕಿಯನ್ನು ಚೀಟಿಯ ಜೊತೆ ಹೋಲಿಸಿ ನೋಡಿ.

ನಿಮ್ಮ ಸಮಾಧಾನಕ್ಕೆ ಲೆಕ್ಕ ಹಾಕಿ ತೋರಿಸುತ್ತೇನೆ. ಪಿಮೊಬೆಂಡಾನ್ ಸಾಮಾನ್ಯವಾಗಿ ಒಂದು ಹೊತ್ತಿಗೆ ಕೆಜಿಗೆ 0.25 ಮಿಗ್ರಾಂ, ಸುಮಾರು 12 ಗಂಟೆಗೊಮ್ಮೆ. 10 ಕೆಜಿಗೆ 2.5. ಫ್ಯೂರೋಸೆಮೈಡ್ ನಿಮಗೆ ಬರೆದಿರುವುದು ಹೊತ್ತಿಗೆ ಕೆಜಿಗೆ 2 ಮಿಗ್ರಾಂ. ಶ್ವಾಸಕೋಶದಲ್ಲಿ ನೀರು ತುಂಬಿ ಬಂದ ನಾಯಿಗೆ ಮನೆಯಲ್ಲಿ ಶುರು ಮಾಡುವ ಅಳತೆ ಇದೇ ಆಸುಪಾಸು. ಎನಲಾಪ್ರಿಲ್ ಕೆಜಿಗೆ 0.5. ಮೂರೂ ಅವಳ ತೂಕಕ್ಕೆ ಹೊಂದುತ್ತವೆ. ಇದನ್ನು ಓದುತ್ತಿರುವ ಬೇರೆಯವರು ದಯವಿಟ್ಟು ಇದೇ ಲೆಕ್ಕ ಹಿಡಿದು ನಿಮ್ಮ ನಾಯಿಗೆ ಕೊಡಬೇಡಿ. ಕಿಡ್ನಿ ಹೇಗಿದೆ, ರೋಗ ಯಾವ ಹಂತದಲ್ಲಿದೆ, ಜೊತೆಗೆ ಬೇರೆ ಯಾವ ಔಷಧಿ ಇದೆ ಅನ್ನುವುದರ ಮೇಲೆ ಎಲ್ಲ ಬದಲಾಗುತ್ತದೆ. ಹೃದಯದ ಗೋಡೆ ದಪ್ಪಗಾಗುವ ಕಾಯಿಲೆ ಇದ್ದರೆ, ರಕ್ತ ಹೊರಹೋಗುವ ದಾರಿ ಕಿರಿದಾಗಿದ್ದರೆ ಪಿಮೊಬೆಂಡಾನ್ ಕೊಡುವುದೇ ಇಲ್ಲ.

ಈಗ ಖಾಲಿ ಹೊಟ್ಟೆಯ ವಿಷಯ. ಊಟಕ್ಕೆ ಒಂದು ಗಂಟೆ ಮೊದಲು ಕೊಟ್ಟರೆ ಪಿಮೊಬೆಂಡಾನ್ ಚೆನ್ನಾಗಿ ರಕ್ತಕ್ಕೆ ಸೇರುತ್ತದೆ. ಅಗಿದು ತಿನ್ನುವ, ರುಚಿ ಹಾಕಿದ ಮಾತ್ರೆ ಸಿಗುತ್ತದೆ, ಅದನ್ನು ಎಷ್ಟೋ ನಾಯಿಗಳು ತಿಂಡಿ ಅಂದುಕೊಂಡೇ ತಿನ್ನುತ್ತವೆ. ಅದೂ ಒಲ್ಲದಿದ್ದರೆ ಬೆರಳ ತುದಿಯಷ್ಟು ಅವಳ ಮಾಮೂಲಿ ಊಟದಲ್ಲಿ ಮುಚ್ಚಿ ಕೊಡಿ, ಉಳಿದ ಊಟ ಆಮೇಲೆ. ಪೂರ್ತಿ ತಟ್ಟೆ ಊಟದಲ್ಲಿ ಬೆರೆಸಬೇಡಿ. ಅರ್ಧ ತಿಂದು ಎದ್ದು ಹೋದರೆ ಎಷ್ಟು ಮಾತ್ರೆ ಹೊಟ್ಟೆಗೆ ಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಹಾಗೇ ಮಾತ್ರೆ ಮುಚ್ಚಲು ಚೀಸ್, ಉಪ್ಪು ಹಾಕಿದ ಮಾಂಸದ ತುಂಡು ಬೇಡ. ಉಪ್ಪು ದೇಹದಲ್ಲಿ ನೀರು ಹಿಡಿದಿಡುತ್ತದೆ. ಆ ನೀರನ್ನು ಇಳಿಸಲಿಕ್ಕೇ ಅಲ್ವಾ ನಾವು ಇಷ್ಟೆಲ್ಲ ಮಾಡುತ್ತಿರುವುದು.

ಫ್ಯೂರೋಸೆಮೈಡ್ ಕೊಟ್ಟು ಒಂದು ಗಂಟೆಯೊಳಗೆ ಕೆಲಸ ಶುರುವಾಗುತ್ತದೆ, ಒಂದೆರಡು ಗಂಟೆಗೆ ಜೋರಾಗಿರುತ್ತದೆ, ಸುಮಾರು ಆರು ಗಂಟೆಗೆ ಇಳಿಯುತ್ತದೆ. ಹಾಗಾಗಿ ಮಲಗುವ ಹೊತ್ತಿಗೆ ಸರಿಯಾಗಿ ಕೊಟ್ಟರೆ ಮಧ್ಯರಾತ್ರಿ ಅವಳಿಗೂ ನಿದ್ದೆ ಇಲ್ಲ, ನಿಮಗೂ ಇಲ್ಲ. ಸಂಜೆಯೇ ಕೊಟ್ಟು ಎರಡು ಸಲ ಹೊರಗೆ ಕರೆದುಕೊಂಡು ಹೋಗುವಂತೆ ಸಮಯ ಹೊಂದಿಸಬಹುದಾ ಅಂತ ಡಾಕ್ಟರನ್ನು ಕೇಳಿ. ನೀರಿನ ಬಟ್ಟಲು ಮಾತ್ರ ಯಾವತ್ತೂ ತೆಗೆಯಬೇಡಿ. ಜಾಸ್ತಿ ಮೂತ್ರ ಮಾಡುತ್ತಾಳೆ ಅಂತ ನೀರು ಕಡಿಮೆ ಮಾಡುವವರಿದ್ದಾರೆ. ಅದು ನೇರವಾಗಿ ಕಿಡ್ನಿಗೆ ಹೊಡೆತ. ಅವಳು ನೀರು ಕುಡಿಯುವುದನ್ನೇ ಬಿಟ್ಟರೆ, ವಾಂತಿ ಭೇದಿ ಹಿಡಿದರೆ, ಮುಂದಿನ ಫ್ಯೂರೋಸೆಮೈಡ್ ಮತ್ತು ಎನಲಾಪ್ರಿಲ್ ಕೊಡುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ.

ಮಾತ್ರೆ ಕತ್ತರಿಸಲು ಮಾತ್ರೆ ಕಟರ್ ತೆಗೆದುಕೊಳ್ಳಿ. ಚಾಕುವಿನಲ್ಲಿ ಒತ್ತಿದರೆ ಒಂದು ಚೂರು ದೊಡ್ಡದು, ಒಂದು ಚಿಕ್ಕದು, ಮಿಕ್ಕಿದ್ದು ಪುಡಿ. ಒಂದನ್ನು ಕತ್ತರಿಸಿ ಎರಡೂ ಅರ್ಧ ಮುಗಿಸಿದ ಮೇಲೆ ಮುಂದಿನದನ್ನು ಕತ್ತರಿಸಿ. ಫ್ಯೂರೋಸೆಮೈಡ್‌ಗೆ ಬೆಳಕು ಆಗಿಬರುವುದಿಲ್ಲ, ಕಿಟಕಿ ಪಕ್ಕ ಇಡಬೇಡಿ. ಒಂದು ವೇಳೆ ದ್ರವ ರೂಪದ್ದು ಕೊಟ್ಟರೆ ಮಿಲಿಲೀಟರಿನಲ್ಲಿ ಎಷ್ಟು ಮಿಗ್ರಾಂ ಇದೆ ಅಂತ ಬಾಟಲಿ ನೋಡಿ. ಒಂದು ಮಿಲಿಗೆ 10 ಮಿಗ್ರಾಂ ಇದ್ದರೆ ಬೆಳ್ಳಿಗೆ 2 ಮಿಲಿ. ಬಾಟಲಿಯ ಅಳತೆ ಬದಲಾದರೆ ಮಿಲಿಯೂ ಬದಲಾಗುತ್ತದೆ. ಚಮಚದಲ್ಲಿ ಅಳೆಯಬೇಡಿ, ಸೂಜಿ ಇಲ್ಲದ ಸಿರಿಂಜ್ ಕೇಳಿ ತೆಗೆದುಕೊಳ್ಳಿ.

ಮರೆತರೆ? ಒಂದೆರಡು ಗಂಟೆ ತಡವಾಗಿದ್ದರೆ ನೆನಪಾದಾಗ ಕೊಡಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ತಪ್ಪಿದ್ದನ್ನು ಬಿಟ್ಟುಬಿಡಿ. ಎರಡನ್ನೂ ಸೇರಿಸಿ ಮಾತ್ರ ಕೊಡಬೇಡಿ. ವಾಂತಿಯಾದರೆ ಮಾತ್ರೆ ಇಡಿಯಾಗಿ ಹೊರಬಂತಾ ಅಂತ ನೋಡಿ, ಫೋನ್ ಮಾಡಿ ಅದನ್ನೇ ಹೇಳಿ. ಮಾತ್ರೆ ಕಾಣಿಸದಿದ್ದರೆ ಅದು ಒಳಗೇ ಇದೆ ಅಂತ ಇಟ್ಟುಕೊಳ್ಳಿ. ಅಂದಾಜಿನ ಮೇಲೆ ಮತ್ತೊಂದು ಕೊಡಬೇಡಿ. ಮನೆಯಲ್ಲಿ ಇಬ್ಬರು ಮೂವರು ಇದ್ದೀರಿ ಅಂದುಕೊಳ್ಳುತ್ತೇನೆ. "ನೀನು ಕೊಟ್ಟೆಯಾ, ನಾನು ಕೊಡಲಾ" ಅನ್ನುವುದೇ ದೊಡ್ಡ ಅಪಾಯ. ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿ, ಕೊಟ್ಟವರು ಸಮಯ ಬರೆದು ಸಹಿ ಹಾಕಲಿ. ಹಾಳೆಯಲ್ಲಿ ಬರೆದಿಲ್ಲ, ಯಾರಿಗೂ ನೆನಪೂ ಇಲ್ಲ ಅಂದರೆ ಆ ಹೊತ್ತು ಬಿಟ್ಟು, ಉಸಿರನ್ನು ನೋಡಿಕೊಳ್ಳಿ, ಆಸ್ಪತ್ರೆಗೆ ತಿಳಿಸಿ.

ಅಮ್ಮನ ಡ್ರಾಯರ್ ವಿಷಯದಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ: ಬೇಡ. ಎನಲಾಪ್ರಿಲ್, ಫ್ಯೂರೋಸೆಮೈಡ್ ಮನುಷ್ಯರಿಗೂ ನಾಯಿಗೂ ಒಂದೇ ಔಷಧಿ, ನಿಜ. ಆದರೆ ಮನುಷ್ಯರ ಮಾತ್ರೆಯಲ್ಲಿ ಎಷ್ಟೋ ಸಲ ಎರಡು ಔಷಧಿ ಸೇರಿಸಿರುತ್ತಾರೆ. ಹೆಸರು ಒಂದೇ ಥರ ಇರುತ್ತದೆ, ಮಿಗ್ರಾಂ ಬೇರೆ ಇರುತ್ತದೆ. ಅದೇ ಡ್ರಾಯರಿನಲ್ಲಿ ಅಮ್ಲೋಡಿಪಿನ್, ಡಿಲ್ಟಿಯಜೆಮ್, ಅಟೆನೊಲಾಲ್ ಥರದ್ದು ಇದ್ದರೆ, ಅದರಲ್ಲಿ ಒಂದೆರಡು ತಪ್ಪಿ ಹೋದರೂ ಇಷ್ಟು ಚಿಕ್ಕ ನಾಯಿಯ ಬಿಪಿ ಪ್ರಾಣಕ್ಕೇ ಬರುವಷ್ಟು ಇಳಿಯಬಹುದು. ಮನುಷ್ಯರ ಕೆಲವು ದ್ರವ ಔಷಧಿಗಳಲ್ಲಿ ಕ್ಸೈಲಿಟಾಲ್ ಅನ್ನುವ ಸಿಹಿ ಇರುತ್ತದೆ, ಅದು ನಾಯಿಗೆ ವಿಷ. ಬೆಳ್ಳಿಯ ಡಬ್ಬಿ ಬೇರೆ ಕೋಣೆಯಲ್ಲಿರಲಿ. ಮುಗಿಯಲು ಒಂದು ವಾರ ಇರುವಾಗಲೇ ಹೊಸದು ತಂದಿಡಿ.

ಇನ್ನು ಫ್ಯೂರೋಸೆಮೈಡ್ ಎರಡು ಪಟ್ಟು ಮಾಡುವ ಪ್ರಶ್ನೆ. ಅದಕ್ಕೆ ಮೊದಲು ಉಸಿರು ಎಣಿಸುವುದು ಕಲಿಯಿರಿ. ನನಗೆ ಈ ಇಡೀ ಉತ್ತರದಲ್ಲಿ ಒಂದೇ ಸಾಲು ಬರೆಯಲು ಬಿಟ್ಟಿದ್ದರೆ ಇದನ್ನೇ ಬರೆಯುತ್ತಿದ್ದೆ. ಬೆಳ್ಳಿ ಗಾಢ ನಿದ್ದೆಯಲ್ಲಿದ್ದಾಗ ಪಕ್ಕದಲ್ಲಿ ಸದ್ದಿಲ್ಲದೆ ಕೂತುಕೊಳ್ಳಿ. ಪಕ್ಕೆಯ ಕೊನೆ, ಹೊಟ್ಟೆ ಶುರುವಾಗುವ ಜಾಗ ನೋಡಿ. ಮೇಲೆ ಏರಿ ಕೆಳಗೆ ಇಳಿದರೆ ಒಂದು ಉಸಿರು. ಏರಿದ್ದಕ್ಕೆ ಒಂದು, ಇಳಿದದ್ದಕ್ಕೆ ಒಂದು ಅಂತ ಎಣಿಸಿದರೆ ಲೆಕ್ಕ ಎರಡು ಪಟ್ಟಾಗುತ್ತದೆ. 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ಕಾಲು ಅದುರುತ್ತಿದ್ದರೆ, ಕನಸಿನಲ್ಲಿ ಕುಂಯ್‌ಗುಡುತ್ತಿದ್ದರೆ ಆಗ ಬೇಡ, ಅದು ನಿಂತ ಮೇಲೆ ಎಣಿಸಿ. ಓಡಾಡಿ ಬಂದು ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುವಾಗ ಎಣಿಸಿದ್ದು ಲೆಕ್ಕಕ್ಕಿಲ್ಲ. ಔಷಧಿ ಹಿಡಿಸಿ ಸುಧಾರಿಸಿದ ನಾಯಿಗೆ ನಿದ್ದೆಯಲ್ಲಿ ನಿಮಿಷಕ್ಕೆ 30ರ ಒಳಗೆ ಇರಬೇಕು. ದಿನಾ ಅದೇ ಹೊತ್ತಿಗೆ ಎಣಿಸಿ ಅದೇ ಹಾಳೆಯಲ್ಲಿ ಬರೆಯಿರಿ. ದಿನಾ 20 ಇದ್ದದ್ದು 27, 28 ಅಂತ ಏರುತ್ತಾ ಬಂದರೆ ಅದೂ ಸುದ್ದಿಯೇ. ಸ್ವಲ್ಪ ಬಿಟ್ಟು ಮತ್ತೆ ಎಣಿಸಿದಾಗಲೂ 30 ದಾಟಿದ್ದರೆ ಅವತ್ತೇ ಫೋನ್ ಮಾಡಿ. 40 ದಾಟಿದರೆ, ಒಸಡು ಬಿಳಿಚಿದರೆ ಇಲ್ಲ ನೀಲಿಯಾದರೆ, ಕುಸಿದು ಬಿದ್ದರೆ, ಕತ್ತು ಚಾಚಿ ಕೂತರೆ ಫೋನ್ ಮಾಡುತ್ತಲೇ ಹೊರಡಿ.

ಕೆಲವು ಡಾಕ್ಟರುಗಳು "ಉಸಿರು ಇಷ್ಟು ದಾಟಿದರೆ ಇಷ್ಟು ಮಿಗ್ರಾಂ ಹೆಚ್ಚುವರಿ ಕೊಟ್ಟು ಕರೆದುಕೊಂಡು ಬನ್ನಿ" ಅಂತ ಮುಂಚೆಯೇ ಬರೆದುಕೊಡುತ್ತಾರೆ. ನಿಮ್ಮವರನ್ನೂ ಕೇಳಿ, ಬರೆಸಿಕೊಳ್ಳಿ. ಬರೆದುಕೊಟ್ಟಿದ್ದರೆ ಅಷ್ಟೇ ಕೊಡಿ. ಬರೆದುಕೊಟ್ಟಿಲ್ಲ ಅಂದರೆ ಮಧ್ಯರಾತ್ರಿಯಾದರೂ ತುರ್ತು ವಿಭಾಗಕ್ಕೆ ಕೇಳದೆ ಕೊಡಬೇಡಿ.

ಡೋಬರ್‌ಮನ್ ಮನೆ

ಮೇಲಿನವರು ಹೇಳಿದ ಮಿಲಿಗ್ರಾಂ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ನಮ್ಮ ಡೋಬರ್‌ಮನ್ ಹೃದಯ ಹಿಗ್ಗಿ, ಬಡಿತದ ಲಯ ತಪ್ಪಿತ್ತು. ಪಿಮೊಬೆಂಡಾನ್, ಫ್ಯೂರೋಸೆಮೈಡ್ ಜೊತೆ, ಬಡಿತವನ್ನು ಹತೋಟಿಗೆ ತರುವ ಡಿಜಾಕ್ಸಿನ್ ಕೂಡ ಕೊಟ್ಟಿದ್ದರು. ಇದರ ಡೋಸ್ ಎಣಿಸುವುದು ಮೈಕ್ರೋಗ್ರಾಂನಲ್ಲಿ. 0.125 ಮಿಗ್ರಾಂ ಮಾತ್ರೆ ಅಂದರೆ 125 ಮೈಕ್ರೋಗ್ರಾಂ. ಚುಕ್ಕಿ ಒಂದು ಮನೆ ಆಚೀಚೆ ಹೋದರೆ ಹತ್ತು ಪಟ್ಟು ವ್ಯತ್ಯಾಸ. ಕೆಲಸ ಮಾಡುವ ಅಳತೆಗೂ ವಿಷವಾಗುವ ಅಳತೆಗೂ ನಡುವೆ ಜಾಗವೇ ಇಲ್ಲ ಅನ್ನುವಷ್ಟು ಕಡಿಮೆ. ಶುರು ಮಾಡಿ ಸುಮಾರು ಒಂದು ವಾರಕ್ಕೆ, ಮಾತ್ರೆ ಕೊಟ್ಟ ಆರರಿಂದ ಎಂಟು ಗಂಟೆಯ ನಂತರ ರಕ್ತ ತೆಗೆದು ಡಿಜಾಕ್ಸಿನ್ ಎಷ್ಟಿದೆ ಅಂತ ನೋಡಿದರು. ರಕ್ತ ತೆಗೆಯಲು ಹೋದಾಗ "ಮಾತ್ರೆ ಎಷ್ಟು ಗಂಟೆಗೆ ಕೊಟ್ಟಿರಿ" ಅಂತ ಕೇಳುತ್ತಾರೆ, ಸಮಯ ಬರೆದುಕೊಂಡು ಹೋಗಿ.

ನಮಗೆ ಡಾಕ್ಟರ್ ಹೇಳಿದ್ದ ನಿಯಮ: ಬೆಳಿಗ್ಗೆ ಊಟ ಬಿಟ್ಟರೆ ಡಿಜಾಕ್ಸಿನ್ ಕೊಡಬೇಡಿ, ಮೊದಲು ಫೋನ್ ಮಾಡಿ. ಒಂದು ದಿನ ಅವನು ಬಟ್ಟಲ ಹತ್ತಿರ ಬಂದ, ಮೂಸಿದ, ತುಟಿ ನೆಕ್ಕಿಕೊಂಡು ವಾಪಸ್ ಹೋದ. ಅಷ್ಟೇ. ಬೇರೆ ಏನೂ ಇರಲಿಲ್ಲ. ಅವತ್ತು ರಕ್ತ ನೋಡಿದಾಗ ಡಿಜಾಕ್ಸಿನ್ ಮಟ್ಟ ಏರಿತ್ತು, ಪೊಟ್ಯಾಸಿಯಂ ಇಳಿದಿತ್ತು. ಫ್ಯೂರೋಸೆಮೈಡ್‌ನಿಂದ ಪೊಟ್ಯಾಸಿಯಂ ಇಳಿದರೆ ಡಿಜಾಕ್ಸಿನ್ ಇನ್ನೂ ಜೋರಾಗಿ ಕಚ್ಚುತ್ತದಂತೆ. ಡೋಸ್ ಕಡಿಮೆ ಮಾಡಿದರು, ಎರಡು ದಿನಕ್ಕೆ ಮತ್ತೆ ಊಟಕ್ಕೆ ಬಂದ. ಊಟ ಬಿಡುವುದನ್ನು "ಬಿಸಿಲಿಗೆ ಇರಬೇಕು" ಅಂತ ಬಿಟ್ಟುಬಿಡಬೇಡಿ.

ಹೊಸಬರು

ಮಧ್ಯೆ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮವನಿಗೂ ವಾಲ್ವ್ ಸದ್ದು ಇದೆ ಅಂತ ಮೊನ್ನೆ ಗೊತ್ತಾಯಿತು. ಕೆಮ್ಮಿಲ್ಲ, ಸುಸ್ತಿಲ್ಲ. ಬೆಳ್ಳಿಯ ಥರ ಆಗುವ ಮೊದಲೇ ಪಿಮೊಬೆಂಡಾನ್, ಫ್ಯೂರೋಸೆಮೈಡ್ ಶುರು ಮಾಡಿಬಿಟ್ಟರೆ ಒಳ್ಳೆಯದಲ್ವಾ? ಗೆಳೆಯರ ಹತ್ತಿರ ಉಳಿದ ಮಾತ್ರೆ ಇದೆ.

ಔಷಧಿ ಕೌಂಟರ್

ಉಳಿದ ಮಾತ್ರೆ ಅಲ್ಲೇ ಇರಲಿ. ಸದ್ದು ಇದೆ ಅನ್ನುವುದೊಂದೇ ಸಾಲದು, ಹೃದಯ ದೊಡ್ಡದಾಗಿದೆಯಾ ಅನ್ನುವುದು ಮುಖ್ಯ. ಅದಕ್ಕೆ ಎಕೋ (ಹೃದಯದ ಸ್ಕ್ಯಾನ್), ಎಕ್ಸ್‌ರೇ ಬೇಕು. 2016ರಲ್ಲಿ ಬಂದ ಎಪಿಕ್ ಅನ್ನುವ ಅಧ್ಯಯನದಲ್ಲಿ, ವಾಲ್ವ್ ಸೋರಿಕೆಯಿಂದ ಹೃದಯ ದೊಡ್ಡದಾಗಿದ್ದು ಇನ್ನೂ ಯಾವ ಲಕ್ಷಣವೂ ಇಲ್ಲದ ನಾಯಿಗಳಿಗೆ ಪಿಮೊಬೆಂಡಾನ್ ಕೊಟ್ಟಾಗ, ಹೃದಯ ಸೋಲುವುದು ಸರಾಸರಿ 15 ತಿಂಗಳಷ್ಟು ಮುಂದಕ್ಕೆ ಹೋಯಿತು. 2019ರಲ್ಲಿ ಪರಿಷ್ಕರಿಸಿದ ಪಶುವೈದ್ಯರ ಮಾರ್ಗಸೂಚಿಯೂ ಆ ಹಂತಕ್ಕೆ, ಅಂದರೆ ಬಿ2 ಹಂತಕ್ಕೆ, ಪಿಮೊಬೆಂಡಾನ್ ಕೊಡಿ ಅನ್ನುತ್ತದೆ. ಹೃದಯ ದೊಡ್ಡದಾಗದೆ ಬರೀ ಸದ್ದಿರುವುದು ಬಿ1, ಅದಕ್ಕೆ ಔಷಧಿ ಬೇಕಿಲ್ಲ, ಆಗಾಗ ಪರೀಕ್ಷೆ ಸಾಕು. ಫ್ಯೂರೋಸೆಮೈಡ್ ಅಂತೂ ನೀರು ತುಂಬಿದ ಮೇಲಿನ ಔಷಧಿ. ತುಂಬದ ನೀರನ್ನು ಇಳಿಸಲು ಹೋದರೆ ದೇಹ ಒಣಗುತ್ತದೆ. ನೀವು ಈಗ ಮಾಡಬಹುದಾದ ಒಳ್ಳೆಯ ಕೆಲಸ ಇವತ್ತು ರಾತ್ರಿಯಿಂದಲೇ ಉಸಿರು ಎಣಿಸಿ ಬರೆದಿಡುವುದು. ಅವನ ಮಾಮೂಲಿ ಲೆಕ್ಕ ಎಷ್ಟು ಅಂತ ಚೆನ್ನಾಗಿರುವಾಗಲೇ ಗೊತ್ತಿರಬೇಕು.

ಬೆಳ್ಳಿಯ ಮನೆಯವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಳೆ ಅಂಟಿಸಿದ್ದೇವೆ. ನಿನ್ನೆ ರಾತ್ರಿ ಎಣಿಸಿದಾಗ 24 ಇತ್ತು. ಡಾಕ್ಟರಿಗೂ ಫೋನ್ ಮಾಡಿದ್ದೆ. ಸಂಜೆಯ ಫ್ಯೂರೋಸೆಮೈಡ್ ಆರು ಗಂಟೆಗೆ ಕೊಡಿ, ಬೆಳಗಿನದು ಆರಕ್ಕೇ ಇರಲಿ ಅಂದರು. ತುರ್ತಿಗೆ ಎಷ್ಟು ಹೆಚ್ಚುವರಿ ಅಂತಲೂ ಬರೆದು ಕಳಿಸಿದ್ದಾರೆ. ಎರಡು ವಿಷಯ ಉಳಿದಿದೆ. ಅವಳಿಗೆ ಮಂಡಿ ನೋವಿಗೆ ಅಂತ ಬೇರೆ ಕಡೆ ಕೊಟ್ಟ ಮಾತ್ರೆ ಮನೆಯಲ್ಲಿದೆ, ಅದನ್ನು ಮುಂದುವರಿಸಬಹುದಾ? ಮುಂದೆ ಟೊರ್ಸೆಮೈಡ್‌ಗೆ ಬದಲಾಯಿಸಬೇಕಾಗಬಹುದು ಅಂದರು, ಅದು ಇದರ ಹಾಗೇನಾ?

ಔಷಧಿ ಕೌಂಟರ್

24 ಓದಿ ನಿಜವಾಗಲೂ ಖುಷಿಯಾಯಿತು.

ಮಂಡಿ ನೋವಿನ ಮಾತ್ರೆಯ ಹೆಸರನ್ನು ಡಾಕ್ಟರಿಗೆ ಹೇಳುವ ತನಕ ಕೊಡಬೇಡಿ. ನೋವು ಊತಕ್ಕೆ ಕೊಡುವ ಮೆಲಾಕ್ಸಿಕಾಮ್, ಕಾರ್ಪ್ರೊಫೆನ್ ಥರದವು ಫ್ಯೂರೋಸೆಮೈಡ್ ಮತ್ತು ಎನಲಾಪ್ರಿಲ್ ಜೊತೆ ಸೇರಿದರೆ ಮೂರೂ ಕಡೆಯಿಂದ ಕಿಡ್ನಿಯ ಮೇಲೆ ಒತ್ತಡ ಬೀಳುತ್ತದೆ. ನೋವಿಗೆ ಬೇರೆ ದಾರಿಗಳಿವೆ, ಅವರೇ ಹೇಳುತ್ತಾರೆ. ಹತ್ತು ದಿನದ ಭೇಟಿಯಲ್ಲಿ ಕಿಡ್ನಿ, ಸೋಡಿಯಂ, ಪೊಟ್ಯಾಸಿಯಂ ರಕ್ತಪರೀಕ್ಷೆ ಮಾಡಿಸುತ್ತಾರೆ. ಎನಲಾಪ್ರಿಲ್ ಶುರುವಾದ ಒಂದೆರಡು ವಾರದಲ್ಲಿ ಅದನ್ನು ನೋಡಲೇಬೇಕು. ಚೆನ್ನಾಗಿದ್ದಾಳಲ್ಲ ಅಂತ ಆ ಭೇಟಿ ತಪ್ಪಿಸಬೇಡಿ. ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ತೂಕವನ್ನೂ ನೋಡಿ. ಊಟ ಅಷ್ಟೇ ಇದ್ದು ತೂಕ ಏರಿದರೆ, ಹೊಟ್ಟೆ ದಪ್ಪಗಾದರೆ, ಅದು ನೀರಿರಬಹುದು.

ಟೊರ್ಸೆಮೈಡ್ ಕೆಲಸ ಅದೇ, ಬಲ ಬೇರೆ. ಮಿಗ್ರಾಂಗೆ ಮಿಗ್ರಾಂ ನೋಡಿದರೆ ಫ್ಯೂರೋಸೆಮೈಡ್‌ಗಿಂತ ಸುಮಾರು 10ರಿಂದ 20 ಪಟ್ಟು ಜೋರು. ಹಾಗಾಗಿ ಬದಲಾಯಿಸಿದ ದಿನ ಹಳೆಯ ಫ್ಯೂರೋಸೆಮೈಡ್ ಡಬ್ಬಿಯನ್ನು ಆ ಜಾಗದಿಂದ ತೆಗೆದುಬಿಡಿ, ಹಾಳೆಯನ್ನೂ ಹೊಸದಾಗಿ ಬರೆಯಿರಿ. ಎರಡೂ ಒಟ್ಟಿಗೆ ಕೊಡಬೇಕಾ, ಒಂದನ್ನು ನಿಲ್ಲಿಸಬೇಕಾ ಅಂತ ಬಾಯಿಬಿಟ್ಟು ಕೇಳಿ.

ಮರೆಯುವ ಮೊದಲು ಇನ್ನೊಂದು. ರುಚಿ ಹಾಕಿದ ಪಿಮೊಬೆಂಡಾನ್ ಡಬ್ಬಿಯನ್ನು ಟೇಬಲ್ ಮೇಲೆ ಇಡಬೇಡಿ. ಮುಚ್ಚಳ ಕಚ್ಚಿ ಪೂರ್ತಿ ಡಬ್ಬಿ ತಿಂದ ನಾಯಿಗಳನ್ನು ಎತ್ತಿಕೊಂಡು ಓಡಿ ಬಂದವರನ್ನು ನೋಡಿದ್ದೇನೆ. ಹಾಗೇನಾದರೂ ಆದರೆ ಲಕ್ಷಣ ಬರಲಿ ಅಂತ ಕಾಯಬೇಡಿ, ಮನೆಯಲ್ಲಿ ವಾಂತಿ ಮಾಡಿಸಲು ಹೋಗಬೇಡಿ. ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಬನ್ನಿ. ಎಷ್ಟು ಮಿಗ್ರಾಂ ಮಾತ್ರೆ, ಡಬ್ಬಿಯಲ್ಲಿ ಎಷ್ಟು ಉಳಿದಿತ್ತು, ಎಷ್ಟು ಹೊತ್ತಾಯಿತು, ಈ ಮೂರು ಹೇಳಿದರೆ ಡಾಕ್ಟರ್ ಕೆಲಸ ತಕ್ಷಣ ಶುರುವಾಗುತ್ತದೆ.